ಮಗುವಿಗೆ ಅಂಗ ಕಸಿ: ಮನೆಮಂದಿಯ ಕಡೆಯಿಂದ ಒಂದು ಇತಿಹಾಸ

ನಮ್ಮ ಸಂಘದ ವೈದ್ಯಕೀಯ ನೆರವಿನ ಉಪಸಮಿತಿಯಲ್ಲಿ ನಾನು ಕೆಲವು ವರ್ಷ ದುಡಿದಿದ್ದೇನೆ. ಕಣ್ಣಿನ ಪೊರೆ, ಮುರಿದ ಮೂಳೆ, ಹೃದಯದ ಬೈಪಾಸ್ ಇಂಥ ಅರ್ಜಿಗಳು ನಮಗೆ ರೂಢಿಯಾಗಿದ್ದವು. ಒಂದು ಭಾನುವಾರ ಡೊಂಬಿವಲಿಯ ಗೃಹಸ್ಥರೊಬ್ಬರು ಹತ್ತು ತಿಂಗಳ ಹೆಣ್ಣುಮಗುವಿನ ಕಾಗದಪತ್ರಗಳ ಚೀಲ ಹಿಡಿದು ಬಂದರು. ಮಗುವಿಗೆ ಯಕೃತ್ತಿನ ಕಸಿ ಆಗಬೇಕು, ತಾಯಿಯ ಯಕೃತ್ತಿನ ಒಂದು ತುಂಡನ್ನು ತೆಗೆದು ಹಾಕುತ್ತಾರೆ ಎಂದರು. ಹಣದ ಮಾತು ಮುಗಿದ ಮೇಲೂ ಅವರು ಏಳಲಿಲ್ಲ. "ಊರಲ್ಲಿರುವ ಅಮ್ಮನಿಗೆ ಹೇಳುವುದೋ ಬೇಡವೋ ತಿಳಿಯುತ್ತಿಲ್ಲ ಮಾರಾಯ್ರೆ. ಒಂದೇ ದಿನ ಹೆಂಡತಿಯೂ ಒಳಗೆ, ಮಗಳೂ ಒಳಗೆ. ನಾನು ಯಾವ ಬಾಗಿಲ ಹೊರಗೆ ಕೂತುಕೊಳ್ಳಲಿ?" ಎಂದು ಕೇಳಿದರು. ಸಮಿತಿಯಲ್ಲಿ ಲೆಕ್ಕಪತ್ರ ಬಲ್ಲವರಿದ್ದೆವು, ವಕೀಲರಿದ್ದರು. ಈ ಪ್ರಶ್ನೆಗೆ ಉತ್ತರ ಯಾರಲ್ಲೂ ಇರಲಿಲ್ಲ.

ಅಂದಿನಿಂದ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನು ಓದತೊಡಗಿದೆ. ಅಂಗ ಕಸಿಯ ಇತಿಹಾಸವನ್ನು ಬರೆದವರೆಲ್ಲ ಶಸ್ತ್ರವೈದ್ಯರ ಹೆಸರುಗಳನ್ನು ಪೋಣಿಸಿಕೊಂಡು ಹೋಗುತ್ತಾರೆ. ಅದು ತಪ್ಪೇನಲ್ಲ. ಆದರೆ ಅದೇ ಇತಿಹಾಸವನ್ನು ಬಾಗಿಲ ಹೊರಗೆ ಕೂತವರ ಕಡೆಯಿಂದಲೂ ಹೇಳಬಹುದು. ಈ ಲೇಖನ ಅಂಥ ಒಂದು ಪ್ರಯತ್ನ.

ಕಸಿ ಎಂಬ ಮಾತು ನಮ್ಮವರಿಗೆ ಹೊಸದಲ್ಲ. ಊರಿನ ತೋಟದಲ್ಲಿ ಮಾವಿಗೆ ಕಸಿ ಕಟ್ಟುವುದನ್ನು ನೋಡಿ ಬೆಳೆದವರು ನಾವು. ಮಾವು ಇನ್ನೊಂದು ಮಾವಿನ ಕುಡಿಯನ್ನು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಮನುಷ್ಯನ ಶರೀರ ಇನ್ನೊಬ್ಬ ಮನುಷ್ಯನ ಅಂಗವನ್ನು, ಅದು ಹೆತ್ತ ತಾಯಿಯದೇ ಆಗಿರಲಿ, ಪರಕೀಯವೆಂದೇ ಎಣಿಸಿ ಹೊರದೂಡಲು ನೋಡುತ್ತದೆ. ಈ ಶಾಸ್ತ್ರದ ಕಷ್ಟವೆಲ್ಲ ಇಲ್ಲಿಯೇ ಇದೆ. ಮನೆಮಂದಿಯ ಕಷ್ಟವೂ ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ.

1952ರ ಡಿಸೆಂಬರ್ ತಿಂಗಳಲ್ಲಿ ಪ್ಯಾರಿಸ್ ನಗರದ ಸಮೀಪ ಮಾರಿಯುಸ್ ರೆನಾರ್ ಎಂಬ 16 ವರ್ಷದ ಹುಡುಗ ಕಟ್ಟಡದ ಕೆಲಸ ಮಾಡುತ್ತಿದ್ದಾಗ ಎತ್ತರದಿಂದ ಕೆಳಗೆ ಬಿದ್ದ. ಮೂತ್ರಪಿಂಡ ಒಡೆದು ರಕ್ತ ಸುರಿಯುತ್ತಿತ್ತು. ಜೀವ ಉಳಿಸಲೆಂದು ವೈದ್ಯರು ಅದನ್ನು ತೆಗೆದುಹಾಕಿದರು. ಆಮೇಲೆ ತಿಳಿಯಿತು, ಹುಟ್ಟಿನಿಂದ ಅವನಿಗೆ ಇದ್ದುದು ಅದೊಂದೇ. ಆಗಿನ್ನೂ ಡಯಾಲಿಸಿಸ್ ಎಲ್ಲೆಡೆ ಬಂದಿರಲಿಲ್ಲ. ಹುಡುಗನ ತಾಯಿ ತನ್ನ ಮೂತ್ರಪಿಂಡವೊಂದನ್ನು ಕೊಡುತ್ತೇನೆಂದು ಮುಂದೆ ಬಂದಳು. ನೆಕರ್ ಆಸ್ಪತ್ರೆಯಲ್ಲಿ ಡಾ. ಜಾಂ ಆಂಬುರ್ಜೆ ಅವರ ತಂಡ ಕ್ರಿಸ್ಮಸ್ ಹಿಂದಿನ ರಾತ್ರಿ ಆ ಶಸ್ತ್ರಕ್ರಿಯೆ ಮಾಡಿತು. ಬದುಕಿರುವ ರಕ್ತಸಂಬಂಧಿಯಿಂದ ಪಡೆದ ಅಂಗದ ಮೊದಲ ಕಸಿ ಅದು. ಮೂತ್ರಪಿಂಡ ಕೂಡಲೇ ಕೆಲಸ ಆರಂಭಿಸಿತು. ಮೂರು ವಾರ ನಡೆಯಿತು. ನಂತರ ಶರೀರ ಅದನ್ನು ತಿರಸ್ಕರಿಸಿತು, ಹುಡುಗ ಉಳಿಯಲಿಲ್ಲ. ಆ ತಾಯಿಯನ್ನು ಯಾರು ಕೂರಿಸಿ ಏನು ಹೇಳಿದರು, ಅವಳು ಮನೆಗೆ ಹೋಗಿ ಏನು ಮಾಡಿದಳು ಎಂಬ ಬಗ್ಗೆ ನಾನು ಓದಿದ ವೈದ್ಯಕೀಯ ಬರಹಗಳು ಮೌನವಾಗಿವೆ. ಈ ಇತಿಹಾಸ ಒಬ್ಬ ತಾಯಿಯ ಕೋರಿಕೆಯಿಂದಲೇ ಆರಂಭವಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಅದೇ 1952ರಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಒಂದು ಚಿಕ್ಕ ಚಲನಚಿತ್ರ ತಯಾರಿಸಿದರು. ಎರಡು ವರ್ಷದ ಹೆಣ್ಣುಮಗು ಆಸ್ಪತ್ರೆಯಲ್ಲಿ ಎಂಟು ದಿನ ಅಪ್ಪ ಅಮ್ಮನಿಲ್ಲದೆ ಕಳೆಯುವುದನ್ನು ತೋರಿಸುವ ಚಿತ್ರ ಅದು. ಅಲ್ಲಿನ ಆಸ್ಪತ್ರೆಗಳಲ್ಲಿ ಆಗ ತಂದೆತಾಯಿಗಳು ಗೊತ್ತಾದ ಸಮಯಕ್ಕೆ ಬಂದು ಹೋಗಬೇಕಿತ್ತು. ಮಗು ಅಳು ನಿಲ್ಲಿಸಿದರೆ 'ಹೊಂದಿಕೊಂಡಿತು' ಎಂದು ದಾದಿಯರು ಸಮಾಧಾನಪಡುತ್ತಿದ್ದರು. ಅದು ಹೊಂದಿಕೊಂಡದ್ದಲ್ಲ, ಆಸೆ ಬಿಟ್ಟದ್ದು ಎಂದು ಆ ಚಿತ್ರ ತೋರಿಸಿಕೊಟ್ಟಿತು. 1959ರಲ್ಲಿ ಪ್ಲಾಟ್ ಸಮಿತಿಯ ವರದಿ ಬಂದು, ಮಕ್ಕಳ ವಾರ್ಡಿಗೆ ತಾಯಿ ತಂದೆ ಯಾವಾಗ ಬೇಕಾದರೂ ಬರಲಿ ಎಂದು ಶಿಫಾರಸು ಮಾಡಿತು. ನಮ್ಮ ಮುಂಬಯಿಯ ಮುನಿಸಿಪಲ್ ಆಸ್ಪತ್ರೆಗಳಲ್ಲಿ ಮಗುವಿನ ಮಂಚದ ಕೆಳಗೆ ಚಾಪೆ ಹಾಸಿ ಮಲಗುವ ತಾಯಂದಿರನ್ನು ಕಂಡವರಿಗೆ ಇದನ್ನು ಹೇಳಲು ಒಂದು ವರದಿ ಬೇಕಾಯಿತೇ ಎಂದು ನಗು ಬರಬಹುದು. ನಮ್ಮಲ್ಲಿ ಅದು ಹಾಸಿಗೆಗಳ, ದಾದಿಯರ ಕೊರತೆಯಿಂದ ಬಂದ ಪದ್ಧತಿ ಎಂದೇ ಇಟ್ಟುಕೊಂಡರೂ ಮಗುವಿಗೆ ಅದರಿಂದ ಒಳಿತೇ ಆಯಿತು.

ಮೊದಲ ನಿಜವಾದ ಯಶಸ್ಸು ಬಂದದ್ದು 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್ನಿನಲ್ಲಿ. ಡಾ. ಜೋಸೆಫ್ ಮರ್ರೆ ಅವರು ರೊನಾಲ್ಡ್ ಹೆರಿಕ್‌ನ ಮೂತ್ರಪಿಂಡವನ್ನು ಅವನ ಅವಳಿ ಸಹೋದರ ರಿಚರ್ಡ್‌ನಿಗೆ ಜೋಡಿಸಿದರು. ಇಬ್ಬರೂ ಒಂದೇ ಅಂಡದ ಅವಳಿಗಳು, ಆದ್ದರಿಂದ ತಿರಸ್ಕಾರದ ಪ್ರಶ್ನೆ ಬರಲಿಲ್ಲ. ಅವರು ತದ್ರೂಪಿ ಅವಳಿಗಳೇ ಎಂದು ಖಚಿತಪಡಿಸಿಕೊಳ್ಳಲು ವೈದ್ಯರು ಪೊಲೀಸ್ ಠಾಣೆಯಲ್ಲಿ ಅವರ ಬೆರಳಚ್ಚು ತೆಗೆಸಿದ್ದರು. ಆರೋಗ್ಯವಂತನಾದ ಮನುಷ್ಯನ ಹೊಟ್ಟೆಯನ್ನು, ಅವನ ಸ್ವಂತ ಲಾಭವಿಲ್ಲದೆ, ಕೊಯ್ಯುವುದು ಸರಿಯೇ ಎಂದು ಧರ್ಮಗುರುಗಳನ್ನೂ ಕಾನೂನು ಬಲ್ಲವರನ್ನೂ ಕೇಳಿದ್ದರು. ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ ರೋಗಿಯಾದ ರಿಚರ್ಡ್ ತನ್ನ ಸಹೋದರನಿಗೆ ಚೀಟಿ ಕಳಿಸಿ, ಇಲ್ಲಿಂದ ಎದ್ದು ಮನೆಗೆ ಹೋಗಿಬಿಡು ಎಂದನಂತೆ. ಬಂದಿದ್ದೇನೆ, ಇಲ್ಲೇ ಇರುತ್ತೇನೆ ಎಂದು ರೊನಾಲ್ಡ್ ಉತ್ತರ ಬರೆದ. ಪಡೆಯುವವನಿಗೂ ಒಂದು ಭಾರವಿರುತ್ತದೆ ಎಂಬುದು ಆ ಚೀಟಿಯಿಂದ ತಿಳಿಯುತ್ತದೆ. ರಿಚರ್ಡ್ ಎಂಟು ವರ್ಷ ಬದುಕಿದ. ಡಾ. ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಯಶಸ್ಸಿನ ಹಿಂದೆಯೇ ಒಂದು ಕಠಿಣ ಪ್ರಶ್ನೆ ಎದ್ದಿತು. ಅವಳಿಗಳು ಇನ್ನೂ ವಯಸ್ಸಿಗೆ ಬಾರದವರಾದರೆ? 1957ರಲ್ಲಿ 19 ಮತ್ತು 14 ವರ್ಷದ ಅವಳಿಗಳ ಪ್ರಕರಣಗಳು ಮಸಾಚುಸೆಟ್ಸ್ ರಾಜ್ಯದ ನ್ಯಾಯಾಲಯಕ್ಕೆ ಹೋದವು. ಸಹೋದರ ಸತ್ತರೆ ಉಳಿದವನ ಮನಸ್ಸಿಗೆ ಆಗುವ ಆಘಾತ ದೊಡ್ಡದು, ಆದ್ದರಿಂದ ದಾನದಿಂದ ದಾನಿಗೂ ಹಿತವಿದೆ ಎಂಬ ತರ್ಕದಿಂದ ನ್ಯಾಯಾಲಯ ಅನುಮತಿ ನೀಡಿತು. ಹದಿನಾಲ್ಕರ ಹುಡುಗ 'ಆಗಲಿ' ಎಂದರೆ ಅದು ಅವನದೇ ಮಾತೋ, ಮನೆಯವರ ಮುಖ ನೋಡಿ ಆಡಿದ ಮಾತೋ? ನನಗೆ ಆ ತರ್ಕ ಪೂರ್ತಿ ಒಪ್ಪಿಗೆಯಾಗಿಲ್ಲ. ನಮ್ಮ ದೇಶದ 1994ರ ಕಾನೂನು ದಾನಿ ಎಂದರೆ 18 ವರ್ಷ ತುಂಬಿದವನು ಎಂದು ವ್ಯಾಖ್ಯೆ ಮಾಡಿ, ಅಣ್ಣನೋ ಅಕ್ಕನೋ ಕೊಡಲಿ ಎಂದು ಮನೆಯ ಹಿರಿಯರು ಚಿಕ್ಕ ಮಕ್ಕಳ ಕಡೆಗೆ ನೋಡುವ ದಾರಿಯನ್ನು ಮುಚ್ಚಿತು. ಒಳ್ಳೆಯದೇ ಆಯಿತು.

ಯಕೃತ್ತಿನ ಇತಿಹಾಸವಂತೂ ಮಕ್ಕಳಿಂದಲೇ ಆರಂಭವಾಗುತ್ತದೆ. 1963ರ ಮಾರ್ಚ್ 1ರಂದು ಡೆನ್ವರ್ ನಗರದಲ್ಲಿ ಡಾ. ಥಾಮಸ್ ಸ್ಟಾರ್ಜಲ್ ಅವರು ಮೂರು ವರ್ಷದ ಹುಡುಗನಿಗೆ ಪ್ರಪಂಚದ ಮೊದಲ ಯಕೃತ್ ಕಸಿಗೆ ಕೈಹಾಕಿದರು. ರಕ್ತಸ್ರಾವ ನಿಲ್ಲದೆ ಮಗು ಮೇಜಿನ ಮೇಲೆಯೇ ತೀರಿಕೊಂಡಿತು. 1967ರಲ್ಲಿ ಒಂದೂವರೆ ವರ್ಷದ ಹೆಣ್ಣುಮಗು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದಾಗ ಅದೇ ದೊಡ್ಡ ಸುದ್ದಿಯಾಯಿತು. ಆಗ ಇದ್ದ ಮದ್ದುಗಳು ಒರಟು. ಸ್ಟೀರಾಯ್ಡ್‌ನಿಂದ ಮಕ್ಕಳ ಮುಖ ಊದುತ್ತಿತ್ತು, ಎತ್ತರ ನಿಂತುಹೋಗುತ್ತಿತ್ತು. ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಪಡೆದ ಸೈಕ್ಲೋಸ್ಪೊರಿನ್ ಅಮೆರಿಕದಲ್ಲಿ 1983ರಲ್ಲಿ ಬಳಕೆಗೆ ಒಪ್ಪಿಗೆ ಪಡೆಯಿತು. ಜಪಾನಿನ ಮಣ್ಣಿನಲ್ಲಿ 1984ರಲ್ಲಿ ಕಂಡುಕೊಂಡ ಟ್ಯಾಕ್ರೋಲಿಮಸ್ 1989ರಿಂದ ಕಸಿಗೆ ಬಂತು. ಇಂದು ನಮ್ಮ ಮಕ್ಕಳು ನುಂಗುವ ಮಾತ್ರೆ ಹೆಚ್ಚಾಗಿ ಇದೇ.

ಇನ್ನು ನಮ್ಮ ಮುಂಬಯಿಗೆ ಬರೋಣ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ 1965ರಲ್ಲಿಯೇ ಮೂತ್ರಪಿಂಡದ ಕಸಿಯ ಪ್ರಯತ್ನ ನಡೆದಿತ್ತು. ಕೇಪ್‌ಟೌನಿನಲ್ಲಿ ಡಾ. ಬರ್ನಾರ್ಡ್ ಅವರು 1967ರ ಡಿಸೆಂಬರ್ 3ರಂದು ಮೊದಲ ಹೃದಯ ಕಸಿ ಮಾಡಿದ ಮೂರೇ ದಿನಕ್ಕೆ ನ್ಯೂಯಾರ್ಕಿನಲ್ಲಿ ಡಾ. ಕ್ಯಾಂಟ್ರೊವಿಟ್ಜ್ ಅವರು ಹಸುಗೂಸಿಗೆ ಹೃದಯ ಜೋಡಿಸಿದರು. ಮಗು ಕೆಲವೇ ಗಂಟೆ ಬದುಕಿತು. 1968ರ ಫೆಬ್ರವರಿಯಲ್ಲಿ ಕೆ.ಇ.ಎಂ.ನಲ್ಲಿ ಡಾ. ಪ್ರಫುಲ್ಲ ಕುಮಾರ ಸೇನ್ ಅವರು ಭಾರತದ ಮೊದಲ ಹೃದಯ ಕಸಿ ಮಾಡಿದರು. ರೋಗಿ ಸುಮಾರು ಮೂರು ಗಂಟೆ ಉಳಿದ. ಅದೇ ವರ್ಷ ಮಾಡಿದ ಎರಡನೆಯ ಪ್ರಯತ್ನವೂ ಕೈಗೂಡಲಿಲ್ಲ. ಮಿದುಳಿನ ಮರಣ ಎಂದರೇನು ಎಂಬ ಹಾರ್ವರ್ಡ್ ಸಮಿತಿಯ ವ್ಯಾಖ್ಯೆ ಹೊರಬಂದದ್ದೇ 1968ರ ಆಗಸ್ಟ್‌ನಲ್ಲಿ ಎಂಬುದನ್ನು ನೆನೆದರೆ ಡಾ. ಸೇನ್ ಅವರ ಧೈರ್ಯ ತಿಳಿಯುತ್ತದೆ. ಪರೇಲಿನ ಗಿರಣಿಗಳ ನಡುವೆ, ಮುನಿಸಿಪಾಲಿಟಿಯ ಆಸ್ಪತ್ರೆಯಲ್ಲಿ ನಡೆದ ಕೆಲಸ ಅದು. ಬದುಕಿರುವ ದಾನಿಯಿಂದ ಪಡೆದ ಮೂತ್ರಪಿಂಡದ ಕಸಿ ನಮ್ಮ ದೇಶದಲ್ಲಿ ಮೊದಲು ಯಶಸ್ವಿಯಾದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ.

ಎಂಬತ್ತರ ದಶಕದ ಕಥೆ ಅಷ್ಟು ಹೆಮ್ಮೆಯದಲ್ಲ. ಮಹಾರಾಷ್ಟ್ರ ಸರಕಾರ 1982ರಲ್ಲಿ ಮೂತ್ರಪಿಂಡ ಕಸಿಗೆ ಒಂದು ಕಾನೂನು ಮಾಡಿತ್ತು. ಆದರೆ ಬಡವರ ಮೂತ್ರಪಿಂಡಗಳು ಮಾರಾಟವಾಗುವುದನ್ನು ಅದು ತಡೆಯಲಿಲ್ಲ. ಕೊಲ್ಲಿ ರಾಷ್ಟ್ರಗಳಿಂದ ಮುಂಬಯಿಗೆ ಬಂದು ಮೂತ್ರಪಿಂಡ ಕೊಂಡು ಹೋದ 130 ರೋಗಿಗಳ ಕುರಿತು 1990ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಬಂತು. ಅವರಲ್ಲಿ ಹಲವರು ಸೋಂಕಿನಿಂದ ಸತ್ತಿದ್ದರು. 1995ರ ಆರಂಭದಲ್ಲಿ ಬೆಂಗಳೂರಿನಲ್ಲಿಯೂ ಇಂಥದೇ ಹಗರಣ ಬಯಲಾಯಿತು. ಈ ಹಿನ್ನೆಲೆಯಲ್ಲಿ ಬಂದದ್ದು ಸಂಸತ್ತಿನ 1994ರ ಮಾನವ ಅಂಗಾಂಗ ಕಸಿ ಕಾನೂನು. ಮಹಾರಾಷ್ಟ್ರದಲ್ಲಿ ಅದು 1995ರ ಫೆಬ್ರವರಿ 4ರಂದು ಜಾರಿಗೆ ಬಂತು. ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು ಇವರನ್ನು ಮಾತ್ರ ಅದು ಹತ್ತಿರದ ಸಂಬಂಧಿಗಳೆಂದು ಎಣಿಸಿತು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು ಆ ಪಟ್ಟಿಗೆ ಸೇರಿಸಿತು. ಕಸಿ ನಡೆಸುವ ಪ್ರತಿ ಆಸ್ಪತ್ರೆಯಲ್ಲಿ ಮನೆಮಂದಿಯೊಡನೆ ಮಾತನಾಡುವ ಸಂಯೋಜಕರು ಇರಲೇಬೇಕೆಂಬ ನಿಯಮವೂ ಆಗಲೇ ಬಂತು. ಉಳಿದ ಸಂಬಂಧಿಗಳು, ಸ್ನೇಹಿತರು ಕೊಡುವುದಾದರೆ ಅನುಮತಿ ಸಮಿತಿಯ ಮುಂದೆ ಹಾಜರಾಗಿ, ಇದರಲ್ಲಿ ಹಣದ ವ್ಯವಹಾರವಿಲ್ಲ ಎಂದು ಸಿದ್ಧಪಡಿಸಬೇಕು.

ಕಾನೂನಿನ ಈ ಪಟ್ಟಿ ನಮ್ಮವರಿಗೆ ಒಂದು ವಿಚಿತ್ರ ಸಂಕಟ ತಂದಿದೆ. ದಕ್ಷಿಣ ಕನ್ನಡ, ಉಡುಪಿಯ ಕಡೆಯಿಂದ ಬಂದ ಎಷ್ಟೋ ಮನೆತನಗಳು ಅಳಿಯಸಂತಾನದವು. ಅಲ್ಲಿ ಸೋದರಮಾವನೇ ಮನೆಯ ಯಜಮಾನ. ಈ ಮುಂಬಯಿಗೆ ಅಳಿಯಂದಿರನ್ನು ಕರೆತಂದು, ಹೋಟೆಲಿನ ಗಲ್ಲಾದಲ್ಲಿ ಕೂರಿಸಿ, ರಾತ್ರಿಶಾಲೆಗೆ ಕಳಿಸಿ ಓದಿಸಿದವರು ಮಾವಂದಿರೇ. ಸೊಸೆಗೋ ಅಳಿಯನಿಗೋ ಮೂತ್ರಪಿಂಡ ಬೇಕೆಂದರೆ ಮೊದಲು ಎದ್ದು ನಿಲ್ಲುವವನೂ ಅವನೇ. ಆದರೆ ಕಾನೂನಿನ ಕಣ್ಣಿನಲ್ಲಿ ಅವನು 'ಹತ್ತಿರದವ'ನಲ್ಲ, ಸಮಿತಿಯ ಮುಂದೆ ನಿಂತು ತನ್ನ ಪ್ರೀತಿಗೆ ಪುರಾವೆ ಕೊಡಬೇಕು. ಮಾರಾಟವನ್ನು ತಡೆಯಬೇಕಾದ ಕಾನೂನು ಎಲ್ಲಿಯೋ ಒಂದು ಗೆರೆ ಎಳೆಯಲೇಬೇಕು, ಒಪ್ಪುತ್ತೇನೆ. ಆ ಗೆರೆ ಎಳೆದವರಿಗೆ ಕರಾವಳಿಯ ಮನೆಗಳ ಪರಿಚಯ ಇರಲಿಲ್ಲವೆಂಬುದೂ ನಿಜ.

ಇನ್ನೊಂದು ಸಂಕಟ ಹೆಸರಿನದು. ಮಗುವಿಗೆ ತಾಯಿಯೇ ಕೊಡುವುದಾದರೂ ಅವಳು ತಾಯಿ ಎಂಬುದಕ್ಕೆ ಕಾಗದ ಬೇಕು. ನಮ್ಮ ಹೆಣ್ಣುಮಕ್ಕಳ ಶಾಲೆಯ ಸರ್ಟಿಫಿಕೇಟಿನಲ್ಲಿ ಹೆಸರಿನ ಮುಂದೆ ಒಂದೋ ಎರಡೋ ಇನಿಷಿಯಲ್ ಇರುತ್ತದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ರೇಷನ್ ಕಾರ್ಡಿನಲ್ಲಿ ಮರಾಠಿ ಪದ್ಧತಿಯಂತೆ ತನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಪದ ಬರುತ್ತದೆ. ಅಡ್ಡಹೆಸರೇ ಇಲ್ಲದ ಹಳೆಯ ಮೈಸೂರಿನವರಿಗೆ ಇಲ್ಲಿನ ಗುಮಾಸ್ತರು ಊರಿನ ಹೆಸರನ್ನೋ ಅಜ್ಜನ ಹೆಸರನ್ನೋ ಅಂಟಿಸಿರುತ್ತಾರೆ. ಮಗುವಿನ ಜನನಪತ್ರದಲ್ಲಿ ಮೂರನೆಯ ರೂಪ. ಮದುವೆ ಊರಿನ ದೇವಸ್ಥಾನದಲ್ಲಿ ಆಗಿ, ನೋಂದಣಿ ಆಗಿರುವುದಿಲ್ಲ. ನಾನು ಮೇಲೆ ಹೇಳಿದ ಗೃಹಸ್ಥರು ಮಗುವಿನ ಹೊಟ್ಟೆ ದಿನದಿನಕ್ಕೆ ಉಬ್ಬುತ್ತಿರುವಾಗ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಹನ್ನೊಂದು ದಿನ ಕಳೆದುಕೊಂಡರು. ಅದನ್ನು ನೋಡಿದ ಮೇಲೆ ನಮ್ಮ ಸಂಘದ ವಕೀಲರು ಹೆಸರಿನ ವ್ಯತ್ಯಾಸದ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಕೊಡುವ ಕೆಲಸ ವಹಿಸಿಕೊಂಡರು. ಮನೆಯಲ್ಲಿ ದೀರ್ಘ ಕಾಯಿಲೆಯ ಮಗುವಿದ್ದವರು ಔಷಧದ ಚೀಟಿಯ ಜೊತೆಗೆ ಈ ಕಾಗದಗಳನ್ನೂ ಒಟ್ಟು ಮಾಡಿಡುವುದು ಲೇಸು.

ಮಕ್ಕಳಲ್ಲಿ ಯಕೃತ್ ಕಸಿಗೆ ಮುಖ್ಯ ಕಾರಣ ಪಿತ್ತನಾಳ ಮುಚ್ಚಿಹೋಗಿರುವ ಒಂದು ಹುಟ್ಟುರೋಗ. ಹುಟ್ಟಿದ ಮಗುವಿನ ಕಾಮಾಲೆ ಎರಡು ವಾರ ದಾಟಿದರೂ ಹೋಗದೆ, ಮಲ ಸುಣ್ಣದಂತೆ ಬಿಳಿಚಿಕೊಂಡರೆ ಅದು 'ಮಗುವಿಗೆ ಬಿಸಿಲು ಸಾಲದು' ಎಂದು ಕೂರುವ ವಿಷಯವಲ್ಲ. ಜಪಾನಿನ ಡಾ. ಮೊರಿಯೊ ಕಸಾಯಿ ಅವರು 1959ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆಯನ್ನು ಎರಡು ತಿಂಗಳೊಳಗೆ ಮಾಡಿದರೆ ಕೆಲವು ಮಕ್ಕಳಿಗೆ ಕಸಿಯೇ ಬೇಡವಾಗುತ್ತದೆ, ಕೆಲವರಿಗೆ ಮುಂದಕ್ಕೆ ಹೋಗುತ್ತದೆ. ಊರಿನ ನಾಟಿ ಮದ್ದಿನಲ್ಲಿ ಆ ಎರಡು ತಿಂಗಳು ಕಳೆದುಹೋಗುವುದನ್ನು ನಾನು ಕಂಡಿದ್ದೇನೆ.

ಚಿಕ್ಕ ಮಗುವಿಗೆ ಹೊಂದುವಷ್ಟು ಚಿಕ್ಕ ಯಕೃತ್ತು ಸಿಗುವುದು ದುರ್ಲಭ. ಯಕೃತ್ತು ಮತ್ತೆ ಬೆಳೆಯುವ ಅಂಗ, ಆದ್ದರಿಂದ ದೊಡ್ಡವರ ಎಡಭಾಗದ ಒಂದು ತುಂಡು ಸಾಕಲ್ಲ ಎಂಬ ಯೋಚನೆ ಬಂತು. 1989ರ ಜುಲೈನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಡಾ. ರಸೆಲ್ ಸ್ಟ್ರಾಂಗ್ ಅವರು ತಾಯಿಯೊಬ್ಬಳ ಯಕೃತ್ತಿನ ಭಾಗವನ್ನು ಮಗನಿಗೆ ಜೋಡಿಸಿ ಯಶಸ್ವಿಯಾದರು. ಅದೇ ವರ್ಷ ಶಿಕಾಗೋದಲ್ಲಿ ಡಾ. ಬ್ರೋಲ್ಷ್ ಅವರ ತಂಡ ಒಂದು ಅಪರೂಪದ ಕೆಲಸ ಮಾಡಿತು: ಕತ್ತಿ ಹಿಡಿಯುವ ಮೊದಲೇ, ಇದು ನ್ಯಾಯವೇ, ಮಗು ಸಾಯುತ್ತಿರುವಾಗ ತಾಯಿ ಕೊಡುವ ಒಪ್ಪಿಗೆ ನಿಜವಾಗಿ ಸ್ವತಂತ್ರವೇ ಎಂಬ ಚರ್ಚೆಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು. ಕಸಿಯ ಇತಿಹಾಸದಲ್ಲಿ ಮನೆಮಂದಿಯ ಸಿದ್ಧತೆ ಎಂಬುದಕ್ಕೆ ಒಂದು ಜನ್ಮದಿನ ಕೊಡುವುದಾದರೆ ನಾನು ಇದನ್ನೇ ಆರಿಸುತ್ತೇನೆ. ಆ ಮೊದಲ ಶಸ್ತ್ರಕ್ರಿಯೆಯಲ್ಲಿ ತಾಯಿಯ ಗುಲ್ಮಕ್ಕೆ ಪೆಟ್ಟಾಗಿ ಅದನ್ನು ತೆಗೆಯಬೇಕಾಯಿತು, ಅದನ್ನೂ ಅವರು ಮುಚ್ಚಿಡಲಿಲ್ಲ. ನಮ್ಮ ದೇಶದಲ್ಲಿ 1998ರ ನವೆಂಬರ್‌ನಲ್ಲಿ ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ ಕಾಂಚೀಪುರದ 20 ತಿಂಗಳ ಗಂಡುಮಗುವಿಗೆ ತಂದೆಯ ಯಕೃತ್ತಿನ ಭಾಗ ಜೋಡಿಸಿದರು. ಭಾರತದಲ್ಲಿ ಯಶಸ್ವಿಯಾದ ಮೊದಲ ಮಕ್ಕಳ ಯಕೃತ್ ಕಸಿ ಅದು. ಆ ಮಗು ಬೆಳೆದು ತಾನೇ ವೈದ್ಯನಾಗಿದ್ದಾನೆ.

ಆಗ ಠಾಣೆ, ಕಲ್ಯಾಣದವರಿಗೆ ಇಂಥದು ಬೇಕೆಂದರೆ ಹೊರರಾಜ್ಯದ ದಾರಿ. ಮೂತ್ರಪಿಂಡಕ್ಕೆ ಮಾತ್ರ ಫಾಸ್ಟ್ ಲೋಕಲ್ ಹಿಡಿದು ದಾದರ್‌ನಲ್ಲಿ ಇಳಿದು ಪರೇಲ್. ಈಗ ಠಾಣೆಯ ಜುಪಿಟರ್, ಗಡಿಯಾಚೆಯ ಮುಲುಂದದ ಫೋರ್ಟಿಸ್, ಬೇಲಾಪುರದ ಅಪೋಲೋ ಮುಂತಾದ ಆಸ್ಪತ್ರೆಗಳಲ್ಲಿ ಕಸಿ ನಡೆಯುತ್ತದೆ. ಖರ್ಚು ಮಧ್ಯಮವರ್ಗದವರ ಎಟುಕಿಗೆ ಮೀರಿದ್ದೇ. ಆ ಬಗ್ಗೆ ಬೇರೆಯೇ ಬರೆಯಬೇಕು.

ದಾನಿಯ ಅಪಾಯದ ಮಾತನ್ನು ಮನೆಗಳಲ್ಲಿ ತೇಲಿಸಿಬಿಡುತ್ತಾರೆ. ಮೂತ್ರಪಿಂಡ ಕೊಟ್ಟವರಲ್ಲಿ 10,000ಕ್ಕೆ ಸುಮಾರು 3 ಮಂದಿ ಸಾಯುವ ಸಂಭವವಿದೆ. ಯಕೃತ್ತಿನ ದಾನದಲ್ಲಿ ಅದಕ್ಕಿಂತ ಹೆಚ್ಚು. ಸಣ್ಣದು, ಆದರೆ ಇಲ್ಲವೆಂದಲ್ಲ. ನಮ್ಮ ದೇಶದಲ್ಲಿ ಬದುಕಿದ್ದು ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. 'ಅವನು ದುಡಿಯುವವನಲ್ಲವೇ' ಎಂಬ ಒಂದು ಮಾತು ಬಿದ್ದರೆ ಸೊಸೆ ಬಾಯಿ ತೆರೆಯುವ ಹಾಗಿಲ್ಲ. ಇದಕ್ಕಾಗಿಯೇ ಸಂಯೋಜಕರು ದಾನಿಯನ್ನು ಒಬ್ಬಳನ್ನೇ ಕೂರಿಸಿ ಮಾತನಾಡಿಸುತ್ತಾರೆ. ಹಿಂಜರಿದರೆ ಕಾರಣವನ್ನು ಮನೆಯವರಿಗೆ ಬಿಟ್ಟುಕೊಡುವುದಿಲ್ಲ. ಆ ಮಾತುಕತೆ ಅವಳಿಗೆ ತಿಳಿಯುವ ಭಾಷೆಯಲ್ಲಿ ಆಗಬೇಕು. ಮರಾಠಿ, ಹಿಂದಿಯಲ್ಲಿ ತರಕಾರಿ ಕೊಳ್ಳಬಲ್ಲ ಹೆಂಗಸು ಆ ಭಾಷೆಯಲ್ಲಿ ತನ್ನ ಭಯವನ್ನು ಹೇಳಲಾರಳು. ಗಂಡನೇ ದುಭಾಷಿಯಾದರೆ ಆ ಏಕಾಂತಕ್ಕೆ ಅರ್ಥವೇನು ಉಳಿಯಿತು? ನಮ್ಮ ಮಹಿಳಾ ವಿಭಾಗದ ಸದಸ್ಯೆಯೊಬ್ಬರು ಡೊಂಬಿವಲಿಯ ಆ ತಾಯಿಯ ಜೊತೆಗೆ ತುಳು ಆಡಲು ಹೋದರು. ಹಣಕ್ಕಿಂತ ಅದೇ ಹೆಚ್ಚಿನ ಉಪಕಾರವಾಯಿತೆಂದು ಆಮೇಲೆ ಆಕೆ ಹೇಳಿದರು.

ಅಮ್ಮನಿಗೆ ಹೇಳುವ ವಿಷಯ ಏನಾಯಿತು ಎಂದು ಓದುಗರು ಕೇಳಬಹುದು. ಹೇಳದೆ ಆಗಲಿಲ್ಲ. ಅಜ್ಜಿ ಕಾರ್ಕಳದಿಂದ ಬಸ್ಸು ಹತ್ತಿ ಬಂದವರು ಮೊದಲು ಎರಡು ದಿನ ಸೊಸೆಯ ಜೊತೆ ಮಾತನಾಡಲಿಲ್ಲ, ಮಗನ ಜೊತೆ ಜಗಳ ಮಾಡಿದರು. ಮೂರನೆಯ ದಿನ ಅಡಿಗೆಮನೆ ವಹಿಸಿಕೊಂಡರು. ಶಸ್ತ್ರಕ್ರಿಯೆಯ ದಿನ ಸೊಸೆಯ ಬಾಗಿಲ ಹೊರಗೆ ಅವರು ಕೂತರು, ಮಗಳ ಬಾಗಿಲ ಹೊರಗೆ ಇವರು.

ಸಿದ್ಧತೆಯ ಇನ್ನು ಕೆಲವು ಸಂಗತಿಗಳು ನಮ್ಮ ಮನೆಗಳಿಗೇ ಸೇರಿದವು. ದಡಾರ, ಸೀತಾಳೆಸಿಡುಬು ಮುಂತಾದ ಜೀವಂತ ಲಸಿಕೆಗಳನ್ನು ಕಸಿಗೆ ಕನಿಷ್ಠ ನಾಲ್ಕು ವಾರ ಮೊದಲೇ ಮುಗಿಸಬೇಕು. ಕಸಿಯ ನಂತರ ಸಾಮಾನ್ಯವಾಗಿ ಅವನ್ನು ಹಾಕುವಂತಿಲ್ಲ. ಬಾಲ್ಕನಿಯ ಗ್ರಿಲ್ಲಿನಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಪುಣ್ಯ ಕಾರ್ಯ ನಿಲ್ಲಬೇಕು, ಅದರ ಹಿಕ್ಕೆಯ ಶಿಲೀಂಧ್ರ ಈ ಮಕ್ಕಳ ಶ್ವಾಸಕೋಶಕ್ಕೂ ಮಿದುಳಿಗೂ ಹತ್ತಬಹುದು. ಊರಿನಿಂದ ಬಂದ ಚಕ್ಕೋತ ಹಣ್ಣು ಟ್ಯಾಕ್ರೋಲಿಮಸ್ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ, ಕೊಡಬಾರದು. ಯಾರೋ ಹೇಳಿದ ಕಷಾಯವೂ ಬೇಡ. ಮಾತ್ರೆ ಪ್ರತಿದಿನ ಅದೇ ಗಂಟೆಗೆ, ಜೀವಮಾನವಿಡೀ. 2005ರ ಜುಲೈ 26ರ ನೆರೆಯಲ್ಲಿ ಕಲ್ಯಾಣ, ಬದ್ಲಾಪುರದ ಕಡೆಯ ರೈಲು ದಿನಗಟ್ಟಲೆ ನಿಂತದ್ದು ನೆನಪಿರುವವರು ಮಳೆಗಾಲಕ್ಕೆ ಮೊದಲೇ ಹದಿನೈದು ದಿನದ ಮಾತ್ರೆ ಮನೆಯಲ್ಲಿಟ್ಟುಕೊಳ್ಳುತ್ತಾರೆ.

ಮಗುವಿಗೆ ಏನು ಹೇಳಬೇಕು? 'ಎಲ್ಲಿಗೂ ಇಲ್ಲ, ತಿರುಗಾಡಲು ಹೋಗುವುದು' ಎಂದು ಕರೆದೊಯ್ದು ಸೂಜಿ ಚುಚ್ಚಿಸಿದರೆ ಮುಂದೆ ಯಾವ ಮಾತನ್ನೂ ಅದು ನಂಬುವುದಿಲ್ಲ. ಮೂರು ನಾಲ್ಕು ವರ್ಷದ ಮಕ್ಕಳು ಶಸ್ತ್ರಕ್ರಿಯೆ ತಮ್ಮ ಯಾವುದೋ ತಪ್ಪಿಗೆ ಶಿಕ್ಷೆ ಎಂದು ತಿಳಿದುಕೊಳ್ಳುತ್ತಾರೆ. ಗೊಂಬೆಗೆ ಪಟ್ಟಿ ಕಟ್ಟಿ, ಎಲ್ಲಿ ನೋಯುತ್ತದೆ, ಅಮ್ಮ ಎಲ್ಲಿರುತ್ತಾಳೆ ಎಂದು ತೋರಿಸುವುದು ಈಗಿನ ಪದ್ಧತಿ. ದೊಡ್ಡ ಮಕ್ಕಳದು ಇನ್ನೂ ನಾಜೂಕು. ಹದಿಹರೆಯದಲ್ಲಿ, ಮುಖ ಊದುತ್ತದೆಂದೋ ಬೇಸರಕ್ಕೋ ಮಾತ್ರೆಯನ್ನು ಗುಟ್ಟಾಗಿ ಬಿಸಾಡಿ, ಬಂದ ಮೂತ್ರಪಿಂಡವನ್ನು ಕಳೆದುಕೊಂಡ ಮಕ್ಕಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. 'ನಿನಗಾಗಿ ನಿನ್ನ ಅಮ್ಮ ಹೊಟ್ಟೆ ಕೊಯ್ಸಿಕೊಂಡಿದ್ದಾಳೆ, ಇಷ್ಟು ಮಾರ್ಕೇ?' ಎಂದು ಒಬ್ಬ ತಂದೆ ನನ್ನೆದುರೇ ಮಗನನ್ನು ಗದರಿಸಿದರು. ಬಾಸ್ಟನ್ನಿನ ಆ ಚೀಟಿ ನೆನಪಾಯಿತು.

ಹೃದಯದ ವಿಷಯದಲ್ಲಿ ತಾಯಿ ತಂದೆ ಕೊಡುವ ಮಾತೇ ಇಲ್ಲ. ಇನ್ನೊಂದು ಮನೆಯಲ್ಲಿ ಸಾವಾಗಬೇಕು. ಮಿದುಳು ಮರಣಿಸಿದವರ ಅಂಗಗಳನ್ನು ಸರದಿಯಂತೆ ಹಂಚಲು ಮುಂಬಯಿ ವಲಯದ ಸಮನ್ವಯ ಕೇಂದ್ರ 2000ದಲ್ಲಿ ಆರಂಭವಾಯಿತು. ಡಾ. ಸೇನ್ ಅವರ ಪ್ರಯತ್ನದ ನಂತರ 47 ವರ್ಷ ಮುಂಬಯಿಯಲ್ಲಿ ಹೃದಯ ಕಸಿ ನಡೆದಿರಲಿಲ್ಲ. 2015ರ ಆಗಸ್ಟ್‌ನಲ್ಲಿ ಮುಲುಂದದಲ್ಲಿ ಡಾ. ಅನ್ವಯ ಮುಳೆ ಅವರ ತಂಡ ಪುಣೆಯಿಂದ ಬಂದ ಹೃದಯವನ್ನು 22 ವರ್ಷದ ತರುಣನಿಗೆ ಜೋಡಿಸಿತು. 2017ರ ಸೆಪ್ಟೆಂಬರ್‌ನಲ್ಲಿ ಅದೇ ಆಸ್ಪತ್ರೆಯಲ್ಲಿ ನವಿ ಮುಂಬಯಿಯ ಮೂರೂವರೆ ವರ್ಷದ ಹುಡುಗಿಗೆ ಸೂರತ್‌ನ 14 ತಿಂಗಳ ಮಗುವಿನ ಹೃದಯ ಬಂತು. ಹುಡುಗಿಯ ಮನೆಯವರು ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದಿದ್ದರು.

ನಾಲ್ವರು ವೈದ್ಯರ ಮಂಡಳಿ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿದ ಮೇಲೆಯೇ ಮಿದುಳಿನ ಮರಣವನ್ನು ಸಾರುವುದು ನಿಯಮ. ಎದೆ ಏರಿಳಿಯುತ್ತಿರುವ, ಮೈ ಬೆಚ್ಚಗಿರುವ ಮಗು ಸತ್ತಿದೆ ಎಂದು ಒಪ್ಪಿ ಸಹಿ ಹಾಕಬೇಕಾದವರು ಆ ಮಗುವಿನ ತಂದೆ ಅಥವಾ ತಾಯಿ. ಅವರಿಗೆ ಸಿದ್ಧತೆಗೆ ಒಂದು ವರ್ಷವಲ್ಲ, ಒಂದು ದಿನವೂ ಸರಿಯಾಗಿ ಸಿಗುವುದಿಲ್ಲ. ಕರ್ನಾಟಕದಲ್ಲಿ ಈ ಕೆಲಸ 'ಜೀವಸಾರ್ಥಕತೆ' ಎಂಬ ಹೆಸರಿನಲ್ಲಿ ನಡೆಯುತ್ತದೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರು ಅಪಘಾತದಲ್ಲಿ ತೀರಿಕೊಂಡಾಗ ಮನೆಯವರು ಅಂಗದಾನ ಮಾಡಿದ್ದನ್ನೂ, ಅದೇ ವರ್ಷ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ನಾಲ್ವರಿಗೆ ದೃಷ್ಟಿ ಕೊಟ್ಟದ್ದನ್ನೂ ನಮ್ಮವರು ಬಲ್ಲರು. ನಮ್ಮ ಡೊಂಬಿವಲಿಯಲ್ಲಿ ದಧೀಚಿ ದೇಹದಾನ ಮಂಡಳ ಬಹುಕಾಲದಿಂದ ಮನೆಮನೆಗೆ ಹೋಗಿ ಈ ಮಾತು ಆಡುತ್ತಿದೆ. ಮರಾಠಿಗರು ಸಭೆ ತುಂಬುತ್ತಾರೆ, ನಮ್ಮವರ ಹಾಜರಿ ಕಡಿಮೆ ಎಂಬುದು ನಾನು ಕಂಡದ್ದು.

ಹೃದಯಕ್ಕೆ ನಾಲ್ಕು ಗಂಟೆಯ ಆಯುಷ್ಯ, ಯಕೃತ್ತಿಗೆ ಎಂಟು ಹತ್ತು ಗಂಟೆಯದು. ಅದಕ್ಕಾಗಿ ಪೊಲೀಸರು ರಸ್ತೆ ತೆರವು ಮಾಡಿಸುವುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. 2019ರ ಫೆಬ್ರವರಿಯಲ್ಲಿ ಠಾಣೆಯ ಆಸ್ಪತ್ರೆಯೊಂದರಿಂದ ಪರೇಲಿಗೆ ಯಕೃತ್ತು ಒಯ್ಯಬೇಕಾಗಿತ್ತು. ಹಗಲು ಹೊತ್ತು, ರಸ್ತೆಯ ಸ್ಥಿತಿ ನಮಗೆ ಗೊತ್ತೇ ಇದೆ. ವೈದ್ಯರ ತಂಡ ಪೆಟ್ಟಿಗೆ ಹಿಡಿದು ಠಾಣೆ ಸ್ಟೇಷನ್ನಿಗೆ ಬಂದು ಲೋಕಲ್ ಹತ್ತಿತು. ರೈಲ್ವೆ ಪೊಲೀಸರು ಜಾಗ ಮಾಡಿಕೊಟ್ಟರು. ದಿನವೂ ನಾವು ಒಂದೇ ಕಾಲಿನಲ್ಲಿ ನಿಂತು ಹೋಗುವ ಅದೇ ಹಳಿ. ಸುಮಾರು ಅರ್ಧ ಗಂಟೆಯಲ್ಲಿ ದಾದರ್, ಅಲ್ಲಿಂದ ಆಂಬ್ಯುಲೆನ್ಸ್.